ಸದ್ದಿಲ್ಲದ ಜೀನು

ರೇನೊ ಕಂಗಾಸ್ ಹೊಲಿಗೆ ಯಂತ್ರ ಹಿಡಿದು ಕೂತನೆಂದರೆ ಆ ಮನೆಯಲ್ಲಿ ತಟ್ಟೆ ಇಡಲು ಜಾಗ ಇರುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಉದ್ದಕ್ಕೂ ಅವನ ಸಂಸಾರ ಹರಡಿಕೊಂಡಿರುತ್ತಿತ್ತು: ಹಳೆಯ ಉಣ್ಣೆ ಅಂಗಿಯಿಂದ ಕತ್ತರಿಸಿದ ಪಟ್ಟಿಗಳು, ಮೇಣ ಸವರಿದ ದಾರದ ಉಂಡೆ, ಹಾಕಿ ಆಟದ ಕೋಲಿಗೆ ಸುತ್ತುವ ಬಟ್ಟೆಯ ಟೇಪು, ದಬ್ಬಣ, ಮತ್ತು ನಟ್ಟನಡುವೆ ಆ ಜೀನು. ಕುದುರೆಗೆ ಹಾಕುವ ಜೀನು ಅಂದುಕೊಳ್ಳಬೇಡಿ. ಇದು ಮನುಷ್ಯ ಹಾಕಿಕೊಳ್ಳುವ ಜೀನು. ಬಿಲ್ಲಿನ ಬೇಟೆಗಾರ ಇದನ್ನು ಸೊಂಟಕ್ಕೂ ತೊಡೆಗೂ ಬಿಗಿದುಕೊಂಡು ಮರ ಹತ್ತುತ್ತಾನೆ, ಮುಂದಿನ ಹಗ್ಗವನ್ನು ಕಾಂಡಕ್ಕೆ ಬಳಸಿ ಕೊಕ್ಕೆ ಹಾಕುತ್ತಾನೆ, ಗೇಣಗಲದ ಹಲಗೆಗೆ ಕಾಲು ಊರಿ ಹಿಂದಕ್ಕೆ ವಾಲಿಕೊಂಡು ಜಿಂಕೆ ಬರುವ ತನಕ ನೇತಾಡುತ್ತಿರುತ್ತಾನೆ. ಜೋಲಿಯಲ್ಲಿ ಹಾಕಿದ ಮಗುವಿನ ಹಾಗೆ ಕಾಣ್ತೀಯ ಎಂದು ಅವನ ಹೆಂಡತಿ ಹೆಲ್ಮಿ ನಗುತ್ತಿದ್ದಳು. ನಗುತ್ತಿದ್ದದ್ದು ಮೊದಲು. ಈಚೆಗೆ ಅವಳು ನಗುವುದು ಕಡಿಮೆಯಾಗಿತ್ತು.

ಅಂಗಡಿಯಿಂದ ತಂದದ್ದನ್ನು ಹಾಗೇ ತೊಟ್ಟುಕೊಳ್ಳುವ ಜಾತಿಯಲ್ಲ ರೇನೊ. ಮೊದಲ ವರ್ಷ ಸುಖಕ್ಕಾಗಿ ಬದಲಾಯಿಸಿದ. ಸೊಂಟದ ಎಲುಬು ಒತ್ತುವ ಕಡೆ ಮೆತ್ತೆ ಸೇರಿಸಿದ, ಬೆನ್ನಿಗೆ ಅಗಲವಾದ ಪಟ್ಟಿ ಕೊಟ್ಟ, ಮರಕ್ಕೆ ತಾಗುವ ಮಂಡಿಗೆ ಕುರಿಯ ಚರ್ಮ ಕಟ್ಟಿದ. ಅಷ್ಟು ಮಾಡಿದ ಮೇಲೆ ಬೆಳಗಿನಿಂದ ಸಂಜೆವರೆಗೆ ನೇತಾಡಿದರೂ ಕಾಲು ಜೋಮು ಹಿಡಿಯುತ್ತಿರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎರಡು ವರ್ಷದಿಂದ ಅವನ ತಲೆಗೆ ಇನ್ನೊಂದು ಹುಳ ಹೊಕ್ಕಿತ್ತು. ಜೀನು ಸದ್ದು ಮಾಡುತ್ತಿದೆ ಎಂಬ ಹುಳ.

ತಮಾಷೆ ಏನು ಗೊತ್ತೇ? ಆ ಸದ್ದು ಅವನಿಗೇ ಕೇಳಿಸುತ್ತಿರಲಿಲ್ಲ. ಹರೆಯದಿಂದ ನಿವೃತ್ತಿಯವರೆಗೂ ಕಾಗದದ ಗಿರಣಿಯಲ್ಲಿ, ಯಂತ್ರಗಳ ಕೋಣೆಯಲ್ಲಿ, ಕಿವಿಗೆ ಹತ್ತಿಯನ್ನೂ ಇಟ್ಟುಕೊಳ್ಳದೆ ದುಡಿದ ಭೂಪ. ಲೋಕದ ಸಣ್ಣ ಸದ್ದುಗಳೆಲ್ಲ ಅವನ ಪಾಲಿಗೆ ಸತ್ತುಹೋಗಿದ್ದವು. ಲಾರಿ ಬಂದರೆ ಕೇಳುತ್ತಿತ್ತು, ಹಕ್ಕಿ ಕೂಗಿದರೆ ಇಲ್ಲ. ಭಾವಮೈದುನ ಕ್ಲೈಡ್ ಗೊಗ್ಗರು ಗಂಟಲಲ್ಲಿ ಬೈದರೆ ಕೇಳುತ್ತಿತ್ತು, ಫೋನು ಬಡಿದುಕೊಂಡರೆ ಇಲ್ಲ. ಫೋನಿನ ವ್ಯವಹಾರವೆಲ್ಲ ಹೆಲ್ಮಿಯದು. ಅವಳ ಮಾತನ್ನೂ ಅವನು ಅರ್ಧ ಕಿವಿಯಲ್ಲಿ, ಅರ್ಧ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಕಿವಿಗೆ ಹಾಕುವ ಯಂತ್ರ ಕೊಡಿಸಿದ್ದರು. ಹಾಕಿಕೊಂಡರೆ ತಲೆಯೊಳಗೆ ತಗಡು ಬಿದ್ದ ಹಾಗಾಗುತ್ತದೆ ಎಂದು ಮೇಜಿನ ಖಾನೆಗೆ ತಳ್ಳಿದ್ದ. ಹಟಮಾರಿ ಅಂದರೆ ಹಟಮಾರಿ.

ಹೀಗಾಗಿ ಅವರಿಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದರು. ಗ್ಯಾರೇಜಿನ ಪಕ್ಕದ ಮೇಪಲ್ ಮರಕ್ಕೆ ರೇನೊ ಆಳೆತ್ತರದಲ್ಲಿ ಜೀನು ಕಟ್ಟಿ ನೇತಾಡುವುದು. ಕೆಳಗೆ ಬಕೆಟ್ ಬೋರಲು ಹಾಕಿ ಹೆಲ್ಮಿ ಕಣ್ಣು ಮುಚ್ಚಿ ಕೂರುವುದು. ಅವನು ಎಡಕ್ಕೆ ವಾಲುತ್ತಾನೆ, ಬಲಕ್ಕೆ ತಿರುಗುತ್ತಾನೆ, ಬಿಲ್ಲು ಎಳೆಯುತ್ತಾನೆ. ಏನಾದರೂ ಕಿರ್ ಎಂದರೆ, ಕಿಣಿ ಎಂದರೆ, ಅವಳು ಕೈ ಎತ್ತಬೇಕು. ಕೈ ಮೇಲೆ ಹೋದ ಕೂಡಲೇ ಅವನು ಅಲ್ಲಾಡಿಸಿದ ಪಟ್ಟಿಗೆ ಸೀಮೆಸುಣ್ಣದ ಗುರುತು ಹಾಕಿಕೊಂಡು, ಇಳಿದು ಬಂದು, ಮತ್ತೆ ಹೊಲಿಗೆಗೆ ಕೂರುತ್ತಿದ್ದ. ಹೀಗೆ ಬಕಲ್‌ಗಳಿಗೆಲ್ಲ ಉಣ್ಣೆಯ ಕುಲಾವಿ ಬಂತು. ಪರ್ರನೆ ಕಿತ್ತುಬರುವ ಅಂಟುಪಟ್ಟಿಗಳ ಜಾಗಕ್ಕೆ ಮರದ ಗುಂಡಿಗಳು ಬಂದವು. ಹತ್ತುವ ಮೆಟ್ಟಿಲುಕೋಲುಗಳಿಗೆಲ್ಲ ಟೇಪಿನ ಅಂಗಿ ತೊಡಿಸಿದ್ದಾಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಹೆಲ್ಮಿಯ ಕೈ ಏಳುವುದು ನಿಂತೇ ಹೋಗಿತ್ತು.

"ಏನೂ ಇಲ್ಲ ಕಣೋ. ಬೆಕ್ಕು ನಡೆದ ಹಾಗಿದೆ," ಎಂದಿದ್ದಳು.

"ಹಾಗಾದ್ರೆ ಜಿಂಕೆಗಳು ಯಾಕೆ ಓಡ್ತವೆ?"

ಹೆಲ್ಮಿ ಎದ್ದಳು. ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಜಿಂಕೆಗಳು ಓಡಿದರೆ ಓಡಲಿ, ಹೊಟ್ಟೆಗಿಲ್ಲದೆ ಯಾರೂ ಸಾಯುವುದಿಲ್ಲ. ರೇನೊನ ಸಂಕಟ ಬೇರೆ. ಅವರ ಬೇಟೆ ಕ್ಯಾಂಪಿನಲ್ಲಿ, ಬೀವರ್ ಪ್ರಾಣಿಗಳು ಒಡ್ಡು ಕಟ್ಟಿದ ಕೆರೆಯ ಅಂಚಿಗೆ, ಒಂದು ಹಳದಿ ಬರ್ಚ್ ಮರವಿದೆ. ಆ ಕಾಡಿಗೆಲ್ಲ ಅಂಥ ಮರ ಇನ್ನೊಂದಿಲ್ಲ. ಜೌಗಿನಿಂದ ಬರುವ ಜಿಂಕೆದಾರಿ, ಗುಡ್ಡದಿಂದ ಇಳಿಯುವ ಜಿಂಕೆದಾರಿ ಎರಡೂ ಅದರ ಬುಡದಲ್ಲಿ ಕೂಡುತ್ತವೆ. ಕ್ಯಾಂಪು ಕಟ್ಟಿದ್ದು ಹೆಲ್ಮಿ ಮತ್ತು ಕ್ಲೈಡ್‌ರ ಅಪ್ಪ, ಮುದುಕ ಸುಲೊ. ಕಟ್ಟಿದವನೇ ಕಟ್ಟಳೆಯನ್ನೂ ಮಾಡಿದ್ದ: ಮರಕ್ಕೊಬ್ಬ ಯಜಮಾನ. ಆದರೆ ಸಾಲಾಗಿ ಮೂರು ಬಿಲ್ಲುಬೇಟೆಯ ಋತು ಬರಿಗೈಲಿ ಇಳಿದುಬಂದವನು ಬಂದೂಕಿನ ಬೇಟೆ ಶುರುವಾಗುವ ಹಿಂದಿನ ಸಂಜೆ, ಎಲ್ಲರೂ ಮಾಂಸ ತುಂಬಿದ ಪಾಸ್ಟಿ ಕಡುಬು ತಿನ್ನಲು ಕೂತಾಗ, ಮರವನ್ನು ಇನ್ನೊಬ್ಬನಿಗೆ ಬಿಟ್ಟುಕೊಡಬೇಕು. ಆ ಕಟ್ಟಳೆಗೆ ಮೊದಲು ಸಿಕ್ಕಿಬಿದ್ದವನೂ ಸುಲೊನೇ. ಕಣ್ಣು ಮಂಜಾಗಿ ಮೂರು ಋತು ಖಾಲಿ ಹೋದ ಮೇಲೆ ಬರ್ಚ್ ಮರವನ್ನು ಹೊಸ ಅಳಿಯನಿಗೆ ಬಿಟ್ಟುಕೊಟ್ಟಿದ್ದ. ಅಂದು ನಗುತ್ತಲೇ ಕಾಫಿ ಹೀರಿದ ಮಾವ ಮುಂದಿನ ವರ್ಷ ಕ್ಯಾಂಪಿನ ಬಾಗಿಲು ದಾಟಿ ಹೊರಗೇ ಬರಲಿಲ್ಲ, ಒಲೆಗೆ ಸೌದೆ ಒಟ್ಟುತ್ತ ಕೂತಿದ್ದ. ಮಾರನೆಯ ವರ್ಷ ಕ್ಯಾಂಪಿಗೇ ಬರಲಿಲ್ಲ. ಅದನ್ನು ರೇನೊ ಕಣ್ಣಾರೆ ಕಂಡಿದ್ದ. ಮರ ಹೋದರೆ ಮನುಷ್ಯ ಹೋದ ಎಂದೇ ಅವನ ಲೆಕ್ಕ.

ಎರಡು ಋತು ಖಾಲಿ ಹೋಗಿದ್ದವು. ಇದು ಮೂರನೆಯದು.

ಅಕ್ಟೋಬರ್ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ರೇನೊ ಬರ್ಚ್ ಮರ ಹತ್ತಿದ. ಹತ್ತುವುದೇ ಒಂದು ದೊಡ್ಡ ಕೆಲಸವಾಗಿತ್ತು ಈಗ. ಒಂದು ಮೆಟ್ಟಿಲು, ಒಂದು ವಿಶ್ರಾಂತಿ. ತೊಗಟೆಗೆ ಹಣೆ ಒತ್ತಿ ನಿಂತು, ಕಣ್ಣ ಮುಂದಿನ ಕಪ್ಪು ಚುಕ್ಕೆಗಳು ಕರಗಿದ ಮೇಲೆ ಇನ್ನೊಂದು ಮೆಟ್ಟಿಲು. ವಯಸ್ಸಾಯಿತಪ್ಪ ಎಂದುಕೊಂಡ. ಮೇಲೆ ತಲುಪಿ ಜೀನಿಗೆ ಮೈ ಕೊಟ್ಟಾಗ ಮಾತ್ರ ಅಬ್ಬಾ ಎನಿಸಿತು. ಸೊಂಟ, ಬೆನ್ನು, ತೊಡೆ ಎಲ್ಲಿಯೂ ಒತ್ತಿಲ್ಲ. ರಾತ್ರಿ ಬಿದ್ದ ಹಿಮ ಕೆರೆಯ ಒಡ್ಡಿನ ಮೇಲೆ ಸಕ್ಕರೆ ಚೆಲ್ಲಿದ ಹಾಗಿತ್ತು. ಗಾಳಿ ಅವನ ಮುಖಕ್ಕೇ ಬೀಸುತ್ತಿತ್ತು. ಇದಕ್ಕಿಂತ ಒಳ್ಳೆಯ ಬೆಳಿಗ್ಗೆ ಬೇಕೆಂದರೂ ಸಿಗದು.

ಗಂಡುಜಿಂಕೆ ಜೌಗಿನ ಕಡೆಯಿಂದ ಬಂತು. ತಲೆ ತಗ್ಗಿಸಿಕೊಂಡು, ಹೆಣ್ಣಿನ ವಾಸನೆ ಹಿಡಿದು, ಲೋಕದ ಪರಿವೆಯೇ ಇಲ್ಲದೆ. ರೇನೊ ಬಿಲ್ಲು ಹಿಡಿದು ಕಲ್ಲಾಗಿ ಕೂತ. ಇನ್ನು ಹತ್ತು ಹೆಜ್ಜೆ ಬಂದರೆ ಅದರ ಪಕ್ಕೆ ತೆರೆದುಕೊಳ್ಳುತ್ತಿತ್ತು. ಜಿಂಕೆ ನಿಂತಿತು. ಒಂದು ಕಿವಿ ತಿರುಗಿತು, ಇನ್ನೊಂದು ಕಿವಿ ತಿರುಗಿತು. ಆಮೇಲೆ ತಲೆ ಎತ್ತಿ ನೆಟ್ಟಗೆ, ಹೆಸರು ಹಿಡಿದು ಕರೆದರೆ ತಿರುಗಿ ನೋಡುವವರ ಹಾಗೆ, ಅವನ ಮುಖವನ್ನೇ ನೋಡಿತು. ಬಿಳಿ ಬಾಲ ಮೇಲೆದ್ದದ್ದೇ ತಡ, ಮರಗಳ ನಡುವೆ ಮಾಯ.

ರೇನೊ ಮಿಸುಕಿರಲಿಲ್ಲ. ಕಣ್ಣು ಕೂಡ ಮಿಟುಕಿಸಿರಲಿಲ್ಲ. ಅವನಿಗೆ ಅಳು ಬಂದಂತಾಯಿತು. "ನಿನ್ನ ಮನೆ ಹಾಳಾಗ, ಯಾವ ಪಟ್ಟಿ ಕಿರುಗುಟ್ಟಿತು ಹೇಳಿಯಾದರೂ ಹೋಗು," ಎಂದು ಖಾಲಿ ಕಾಡಿಗೆ ಬೈದ. ಬೈಗುಳದ ಹಿಂದೆಯೇ ಕೆಮ್ಮು ಬಂತು. ಅದು ನಿಲ್ಲುವಷ್ಟರಲ್ಲಿ ಹಿಮದ ಮೇಲೆ ಬಿಸಿಲು ಬಿದ್ದಿತ್ತು.

ಆ ಮಧ್ಯಾಹ್ನ ಅವನು ಕ್ಯಾಂಪಿನ ಸೌನಾ ಹಬೆಕೋಣೆಯಲ್ಲಿ ಕ್ಲೈಡ್‌ನ ಪಕ್ಕ ಬೆವರುತ್ತ ಕೂತಿದ್ದ. ಮಧ್ಯದ ಗೋಡೆಯಾಚೆ ಕ್ಯಾಂಪಿನ ಕೋಣೆ. ಅಲ್ಲಿ ಗುರಿ ತಪ್ಪಿದವರ ಅಂಗಿಗಳ ಹಿಂಬದಿಯ ತುಂಡುಗಳು ಮೊಳೆ ಹೊಡೆಸಿಕೊಂಡು ಸಾಲಾಗಿ ನೇತಾಡುತ್ತವೆ. ಬಾಣ ಬಿಟ್ಟು ತಪ್ಪಿದೆಯೋ, ಅಂದೇ ಅಂಗಿಗೆ ಕತ್ತರಿ. ಕ್ಲೈಡ್‌ನ ಅಂಗಿಗಳೇ ಅರ್ಧ ಗೋಡೆ ತುಂಬಿವೆ. ರೇನೊನದು ಒಂದೂ ಇಲ್ಲ.

"ಏನ್ ಭಾವ, ಈ ವರ್ಷನಾದ್ರೂ ನಿನ್ನ ಅಂಗಿಗೊಂದು ಮೊಳೆ ಹೊಡಿಯೋ ಭಾಗ್ಯ ಕೊಡ್ತೀಯೋ ಇಲ್ವೋ?" ಕ್ಲೈಡ್ ಕಾದ ಕಲ್ಲಿಗೆ ನೀರು ಎರಚಿದ.

"ತಪ್ಪೋದಕ್ಕೂ ಜಿಂಕೆ ಹತ್ರ ಬರ್ಬೇಕಲ್ಲಯ್ಯ. ಬಾಣ ಬಿಡೋ ಯೋಗನೂ ಇಲ್ಲ ನನಗೆ."

ಹಬೆ ಮೇಲೆದ್ದು ಮುಖಕ್ಕೆ ಬಡಿಯಿತು. ರೇನೊಗೆ ಕೆಮ್ಮು ತಡೆಯಲಾಗಲಿಲ್ಲ. ಬಾಗಿ, ಮಂಡಿಗಳ ನಡುವೆ ತಲೆ ಇಟ್ಟುಕೊಂಡು ಕೆಮ್ಮಿದ. ತಲೆ ಎತ್ತಿದಾಗ ಕ್ಲೈಡ್ ಅವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ತಮಾಷೆ ಇರಲಿಲ್ಲ.

"ಡಾಕ್ಟ್ರು ಏನಂದ್ರು ಭಾವ? ವಸಂತದಲ್ಲಿ ಎದೆ ಫೋಟೋ ತೆಗೆಸಿದ್ಯಲ್ಲ."

"ಏನೂ ಇಲ್ಲ ಅಂದ್ರಂತೆ. ಚಳಿಗಾಲದ ಶೀತ ಕೂತಿದೆ, ಹೋಗುತ್ತೆ ಅಂದ್ರು. ನಿಮ್ಮಕ್ಕನೇ ಮಾತಾಡಿದ್ದು ಫೋನಲ್ಲಿ."

ಕ್ಲೈಡ್ ನೀರಿನ ಸೌಟನ್ನು ಬಕೆಟ್ಟಿಗೆ ಇಳಿಸಿದ, ಮತ್ತೆ ಎತ್ತಿದ, ಮತ್ತೆ ಇಳಿಸಿದ. "ಹಾಗಂದ್ಳಾ. ಸರಿ ಹಾಗಾದ್ರೆ," ಎಂದ. ಆಮೇಲೆ, "ನೋಡು, ಈ ಸಲ ಮಲಗೋಕೆ ನಿನಗೆ ಹಿಂದಿನ ಸಣ್ಣ ಕೋಣೆ ಮಾಡಿದೀವಿ. ಡ್ಯೂಯಿ ಕಾಲು ಉದ್ದ, ಅವನಿಗೆ ಮುಂದಿನ ಮಂಚನೇ ಬೇಕಂತೆ," ಎಂದ.

ಡ್ಯೂಯಿ ಕ್ಲೈಡ್‌ನ ಅಳಿಯ. ಒಳ್ಳೆಯ ಬಿಲ್ಲುಗಾರ, ಮಾತು ಕಡಿಮೆ. ಬರ್ಚ್ ಮರದ ಮೇಲೆ ಅವನ ಕಣ್ಣಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅವನೇನೂ ಕೆಟ್ಟವನಲ್ಲ ಬಿಡಿ, ಯಾರಿಗಿರುವುದಿಲ್ಲ ಆಸೆ? ಆದರೆ ರೇನೊ ಲೆಕ್ಕ ಹಾಕಿದ. ಇವತ್ತು ಮಂಚ, ನಾಳೆ ಮರ.

"ಇನ್ನೂ ಋತು ಮುಗಿದಿಲ್ಲ ಕ್ಲೈಡ್."

"ನಾನೇನಂದೆ ಈಗ? ಮುಗೀತು ಅಂದ್ನಾ?" ಕ್ಲೈಡ್ ಎದ್ದು ಬಾಗಿಲು ತೆರೆದ. ಹೊರಗಿನ ತಣ್ಣನೆ ಗಾಳಿ ಒಳಗೆ ನುಗ್ಗಿತು. "ಮರ ಮರ ಅಂತ ಸಾಯ್ಬೇಡ ಭಾವ. ಸ್ವಲ್ಪ ಅಕ್ಕನ ಜೊತೆ ಕೂತು ಮಾತಾಡು. ಕೂತು ಮಾತಾಡು ಒಂದ್ಸಲ."

ಏನು ಮಾತಾಡುವುದು? ಅವಳಾದರೂ ಈಗ ಸರಿಯಾಗಿ ಮಾತಿಗೆ ಸಿಗುತ್ತಿದ್ದಳೇ? ಬೆನ್ನು ನೋವು ಎಂದು ಮಲಗುವ ಕೋಣೆಯನ್ನೇ ಬದಲಾಯಿಸಿದ್ದಳು. ಟಿವಿ ಹಾಕಿದರೆ ಪಕ್ಕದ ಮನೆಗೆ ಕೇಳುವಷ್ಟು ಜೋರು ಮಾಡುತ್ತಿದ್ದಳು. ಕಿವುಡ ನಾನು, ಜೋರು ನಿನಗ್ಯಾಕೆ ಎಂದು ಅವನು ಒಮ್ಮೆ ರೇಗಿಸಿದ್ದಕ್ಕೆ ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ಬಂದಿರಲಿಲ್ಲ. ಪೆಪ್ಪಿ ನಾಯಿಯೂ ಅಷ್ಟೆ. ಮೊದಲು ಅವನ ಕಾಲ ಮೇಲೆ ಮಲಗುತ್ತಿದ್ದದ್ದು ಈಗ ಎದುರಿಗೆ ಕೂತು, ತಲೆ ಓರೆ ಮಾಡಿ, ಕಿವಿ ನಿಮಿರಿಸಿ ಅವನ ಎದೆಯನ್ನೇ ದಿಟ್ಟಿಸುತ್ತಿತ್ತು. ಮುದಿನಾಯಿಗೆ ಅರಳುಮರಳು ಎಂದುಕೊಂಡಿದ್ದ. ಮನೆಯವರೆಲ್ಲ ತನ್ನಿಂದ ಒಂದೊಂದು ಹೆಜ್ಜೆ ದೂರ ಸರಿಯುತ್ತಿದ್ದಾರೆ ಎಂದು ಎಷ್ಟೋ ಸಲ ಅನಿಸುತ್ತಿತ್ತು. ಹಾಗನಿಸಿದಾಗೆಲ್ಲ ಅವನು ಹೋಗಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದ. ಕೈಯಲ್ಲಿ ಜೀನು ಇದ್ದಷ್ಟು ಹೊತ್ತು ಮನಸ್ಸು ನೆಟ್ಟಗಿರುತ್ತಿತ್ತು.

ಬಿಲ್ಲಿನ ಋತುವಿನ ಕೊನೆಯ ವಾರ ಬಂತು. ಮತ್ತೆರಡು ಸಲ ಹತ್ತಿದ್ದ, ಮತ್ತೆರಡು ಸಲ ಅದೇ ಕಥೆ. ಬಂತು, ನಿಂತಿತು, ತಲೆ ಎತ್ತಿ ನೋಡಿತು, ಓಡಿತು. ಎರಡನೆಯ ಸಲ ಒಂದು ಮುದಿ ಹೆಣ್ಣುಜಿಂಕೆ ಓಡದೆ ಅಲ್ಲೇ ನಿಂತು ಕಾಲು ಬಡಿದು ಅವನನ್ನು ಗದರಿಸಿತು. ರೇನೊ ಮರದಿಂದ ಇಳಿಯುವಾಗ ಒಂದು ತೀರ್ಮಾನಕ್ಕೆ ಬಂದಿದ್ದ. ಪಟ್ಟಿ ಸದ್ದು ಮಾಡುತ್ತಿಲ್ಲ. ಬಕಲ್ ಮಾಡುತ್ತಿಲ್ಲ. ಹಲಗೆ ಮಾಡುತ್ತಿಲ್ಲ. ಅಂದಮೇಲೆ ಇನ್ನುಳಿದದ್ದು ಒಂದೇ: ಕೊಕ್ಕೆ. ಜೀನನ್ನೂ ಮರದ ಹಗ್ಗವನ್ನೂ ಹಿಡಿದಿಡುವ, ಅವನ ಇಡೀ ಭಾರ ಹೊರುವ, ಬೆರಳು ದಪ್ಪದ ಲೋಹದ ಕೊಕ್ಕೆ. ಲೋಹ ಅಂದಮೇಲೆ ಎಲ್ಲೋ ಒಂದು ಕಡೆ ಕಿಣಿ ಎನ್ನಲೇಬೇಕು. ಜೊತೆಗೆ ಹತ್ತುವಾಗ ಕಾಂಡದ ಸುತ್ತ ಬಳಸುವ ಎರಡನೆಯ ಹಗ್ಗ. ತೊಗಟೆಗೆ ಉಜ್ಜುವುದೇ ಅದು.

ಎಂಥ ಬುದ್ಧಿ ನೋಡಿ. ಜೀವ ಹಿಡಿದಿರುವ ಎರಡೇ ಎರಡು ವಸ್ತುಗಳನ್ನು ಬಿಚ್ಚಿ ಎಸೆಯುವುದಕ್ಕೆ ಈ ಮನುಷ್ಯನಿಗೆ ಇಡೀ ಬೆಳಿಗ್ಗೆ ಹಿಡಿಯಿತು, ಮತ್ತು ಆ ಇಡೀ ಬೆಳಿಗ್ಗೆ ಅವನು ಸಣ್ಣಗೆ ಶಿಳ್ಳೆ ಹೊಡೆಯುವ ಹುಡುಗನಷ್ಟು ಖುಷಿಯಾಗಿದ್ದ. ಮೇಣದ ದಾರವನ್ನು ಮಡಿಸಿ ಮಡಿಸಿ ಹೆಣೆದು ಕುಣಿಕೆ ಮಾಡಿದ. ಸೊಂಟದ ದೊಡ್ಡ ಬಕಲ್ಲನ್ನೂ ಕತ್ತರಿಸಿ ಅಲ್ಲಿಗೂ ಗಂಟು ಹಾಕುವ ದಾರ ಹೊಲಿದ. ಹೆಲ್ಮಿ ಒಲೆಯಿಂದ ಏಲಕ್ಕಿ ಹಾಕಿದ ನಿಸು ಬ್ರೆಡ್ ತೆಗೆದಿಟ್ಟು, ಕಾಫಿ ಹಿಡಿದು ಬಂದಾಗ ಮೇಜಿನ ಮೇಲೆ ಕೊಕ್ಕೆ ಬಿದ್ದಿತ್ತು. ಬಟ್ಟಲು ಇಡಲು ಅದನ್ನು ಸರಿಸಿದವಳು ಕೈಯಲ್ಲೇ ಹಿಡಿದು ನಿಂತಳು.

"ಇದ್ಯಾಕೆ ಇಲ್ಲಿದೆ?"

"ಬೇಡ ಅದು. ಅದೇ ಕಳ್ಳ. ಈಗ ಸಿಕ್ಕಿಬಿದ್ದ."

"ಮತ್ತೆ ನೀನು ನೇತಾಡೋದು ಯಾತರ ಮೇಲೆ?"

"ಇದರ ಮೇಲೆ." ಕುಣಿಕೆಯನ್ನು ಎತ್ತಿ ತೋರಿಸಿದ. "ನಾನೇ ಹೆಣೆದದ್ದು. ಎತ್ತು ಜಗ್ಗಿದ್ರೂ ಕಿತ್ತುಬರಲ್ಲ."

"ಎತ್ತು ಕಟ್ಟಿ ನೋಡಿದೀಯಾ?"

"ಹೆಲ್ಮಿ, ಸುಮ್ನಿರು ಮಾರಾಯ್ತಿ. ಇನ್ನು ಎರಡೇ ಬೆಳಿಗ್ಗೆ ಇರೋದು. ನಾಳೆ ಹತ್ತಿ ಒಂದನ್ನ ಕೆಡವಿಲ್ಲ ಅಂದ್ರೆ ಮರ ಹೋಯ್ತು. ಮರ ಹೋದ್ರೆ..." ಅವನು ದಾರದ ತುದಿ ಕತ್ತರಿಸಿದ. "ಬಾ, ಬಕೆಟ್ ತಗೊಂಡು ಬಾ. ಕೊನೇ ಸಲ ಕೇಳ್ಬಿಡು. ಆಮೇಲೆ ನಿನ್ನ ಕಾಡಿಸಲ್ಲ."

ಹೆಲ್ಮಿ ಕೊಕ್ಕೆಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. ಅವಳ ಮುಖ ಬೂದಿ ಬಣ್ಣವಾಗಿತ್ತು. ಅವನು ನೋಡಿದ, ಬ್ರೆಡ್ಡಿನ ಹಿಟ್ಟು ಮೆತ್ತಿದೆ ಎಂದುಕೊಂಡ.

ಹೊರಗೆ ಮೋಡ ಮುಚ್ಚಿದ, ಎಲೆ ಅಲ್ಲಾಡದ ಮಧ್ಯಾಹ್ನ. ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ರೇನೊ ಮೇಪಲ್ ಮರಕ್ಕೆ ಜೀನು ಬಿಗಿದು, ಹಲಗೆಗೆ ಕಾಲು ಊರಿ, ಹೊಸ ಕುಣಿಕೆಗೆ ನಿಧಾನವಾಗಿ ಭಾರ ಬಿಟ್ಟ. ಕುಣಿಕೆ ಒಂದಿಷ್ಟು ಹಿಗ್ಗಿ ನಿಂತಿತು. ಕೆಳಗೆ ಹೆಲ್ಮಿ ಬಕೆಟ್ ಮೇಲೆ ಕೂತಳು. ಪೆಪ್ಪಿ ಬಂದು ಅವಳ ಕಾಲ ಬುಡದಲ್ಲಿ ಕೂತಿತು. ಅವಳು ಕಣ್ಣು ಮುಚ್ಚಿದಳು.

ಅವನು ಎಡಕ್ಕೆ ವಾಲಿದ. ಕೈ ಏಳಲಿಲ್ಲ. ಬಲಕ್ಕೆ ವಾಲಿದ. ಇಲ್ಲ. ಮಂಡಿ ಮಡಚಿ, ಮೈಯನ್ನು ಪೂರ್ತಿ ತಿರುಗಿಸಿ, ಬೆನ್ನ ಹಿಂದಿನ ಜಿಂಕೆಗೆ ಗುರಿಯಿಡುವ ಹಾಗೆ ಬಿಲ್ಲು ಎಳೆದ. ಇಲ್ಲ. ಬೇಕೆಂದೇ ಜೀನಿನಲ್ಲಿ ಎರಡು ಸಲ ಕುಕ್ಕರಿಸಿದ. ಅವಳ ಎರಡೂ ಕೈ ಮಡಿಲಲ್ಲೇ ಇದ್ದವು. ಅವನಿಗೆ ಕೂಗಿಬಿಡಬೇಕು ಎನಿಸಿತು. ಗೆದ್ದೆ! ಎರಡು ವರ್ಷದ ಕಳ್ಳನನ್ನು ಕೊನೆಗೂ ಹಿಡಿದುಹಾಕಿದೆ! ಬಿಲ್ಲನ್ನು ಮಡಿಲಿಗೆ ಇಳಿಸಿ, ಹಿಂದಕ್ಕೆ ಒರಗಿ, ಅಲ್ಲಾಡದೆ ಕೂತ. ಸಂತೋಷಕ್ಕೆ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ಆಗ ಹೆಲ್ಮಿಯ ಬಲಗೈ ಮೇಲೆದ್ದಿತು.

"ಏನು? ಯಾವುದು? ನಾನು ಅಲ್ಲಾಡ್ಲೇ ಇಲ್ವಲ್ಲ!"

ಕೈ ಇಳಿಯಲಿಲ್ಲ.

"ಎಡಗಡೆ ಪಟ್ಟೀನಾ?" ಎಡದ ಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದ. ಕೈ ಅಲ್ಲೇ ಇತ್ತು. ಬಲದ ಪಟ್ಟಿಯನ್ನು ಹಿಡಿದ. ಕುಣಿಕೆಯನ್ನು ಎರಡೂ ಕೈಯಲ್ಲಿ ಒತ್ತಿದ. ಅವಳ ಕಣ್ಣು ಮುಚ್ಚಿತ್ತು, ಕೈ ಮೇಲೆಯೇ ಇತ್ತು. ತಡಿ, ಎಂದುಕೊಂಡ. ಬಾಣ ಬಿಡುವ ಮುಂಚೆ ಯಾವ ಬೇಟೆಗಾರನಾದರೂ ಮಾಡುವುದನ್ನೇ ಮಾಡಿದ. ಉಸಿರು ಕಟ್ಟಿ, ಕಲ್ಲಿನ ಹಾಗೆ ನಿಂತ.

ಕೈ ಮಡಿಲಿಗೆ ಇಳಿಯಿತು.

"ಹಾಂ, ಹೋಯ್ತು!" ಎಂದು ಉಸಿರು ಬಿಟ್ಟ. "ಏನು ಮುಟ್ಟಿದೆ ನಾನು? ಏನು ಮುಟ್ಟಿದಾಗ ಹೋಯ್ತು?"

ಕೈ ಮತ್ತೆ ಮೇಲೆದ್ದಿತು.

ಅವನು ಹಗ್ಗ ನೋಡಿದ, ಕುಣಿಕೆ ನೋಡಿದ. ಮತ್ತೆ ಉಸಿರು ಕಟ್ಟಿದ. ಕೈ ಇಳಿಯಿತು. ಎಷ್ಟು ಹೊತ್ತು ಕಟ್ಟಲಾದೀತೋ ಅಷ್ಟು ಹೊತ್ತು ಕಟ್ಟಿದ, ಅಷ್ಟು ಹೊತ್ತೂ ಕೈ ಕೆಳಗೇ ಇತ್ತು. ಎದೆ ಒಡೆಯುವಂತಾಗಿ ಬಿಟ್ಟ. ಎದ್ದಿತು. ಇನ್ನೊಂದು ಸಲ ಪರೀಕ್ಷಿಸುವ ಧೈರ್ಯ ಬರಲಿಲ್ಲ. ಹಿಮದ ಬೆಳಿಗ್ಗೆ ತಲೆ ಎತ್ತಿ ನೋಡಿದ ಆ ಗಂಡುಜಿಂಕೆ ಕಣ್ಣ ಮುಂದೆ ಬಂತು. ಅದು ನೋಡಿದ್ದು ಪಟ್ಟಿಯನ್ನಲ್ಲ. ನೆಟ್ಟಗೆ ಮುಖವನ್ನು. ಪೆಪ್ಪಿ ಈಗಲೂ ತಲೆ ಓರೆ ಮಾಡಿಕೊಂಡು ಅಲ್ಲಿಗೇ ನೋಡುತ್ತಿತ್ತು.

"ಹೆಲ್ಮಿ. ಕಣ್ಣು ಬಿಡು."

ಅವಳು ಕಣ್ಣು ಬಿಟ್ಟಳು. ಕೆನ್ನೆ ಪೂರ್ತಿ ಒದ್ದೆಯಾಗಿತ್ತು. ಅವನಿಗೆ ತುಟಿ ಕಾಣುವಂತೆ ಮುಖ ಮೇಲೆತ್ತಿ, ನಿಧಾನವಾಗಿ ಹೇಳಿದಳು.

"ನಿನ್ನ ಎದೆ ಕಣೋ. ಶಿಳ್ಳೆ ಹಾಕುತ್ತೆ. ತೆಳ್ಳಗೆ, ಕಿಟಕಿ ಸಂದೀಲಿ ಗಾಳಿ ನುಗ್ಗಿದ ಹಾಗೆ. ಒಳಗೆ ಎಳ್ಕೊಂಡಾಗ ಒಂದು ಥರ, ಹೊರಗೆ ಬಿಟ್ಟಾಗ ಒಂದು ಥರ."

"ಯಾವಾಗಿಂದ?"

"ಮೊದಲು ನಿದ್ದೇಲಿ ಮಾತ್ರ ಇತ್ತು. ಎರಡು ವರ್ಷ ಆಯ್ತು. ಈಗ ಯಾವಾಗಲೂ."

"ಡಾಕ್ಟ್ರು?"

"ಸುಳ್ಳು ಹೇಳ್ದೆ ನಾನು." ಅವಳು ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು. "ಎರಡೂ ಶ್ವಾಸಕೋಶ ಹೋಗಿಬಿಟ್ಟಿವೆ ಅಂದ್ರು. ಹರಿದ ಬಲೆ ಥರ ಆಗಿವೆ, ಹೊಲಿಯೋಕೆ ಬರಲ್ಲ ಅಂದ್ರು. ಈ ಚಳಿಗಾಲ ಕಳೆದು ಇನ್ನೊಂದು ಸಿಕ್ಕಿದ್ರೆ ಅದೇ ದೊಡ್ಡದು ಅಂದ್ರು. ನಾನು ಫೋನ್ ಇಟ್ಟು ಈ ಕಡೆ ತಿರುಗಿದ್ರೆ ನೀನು ಮೊದಲು ಕೇಳಿದ್ದೇನು ಗೊತ್ತಾ? ಅಕ್ಟೋಬರ್‌ಗೆ ಮರ ಹತ್ತಬಹುದಂತಾ ಅಂತ. ನಗ್ತಾ ಕೇಳ್ದೆ ಕಣೋ. ಏನು ಹೇಳ್ಲಿ ನಾನು?"

ರೇನೊ ಹಗ್ಗವನ್ನು ಬಿಗಿಯಾಗಿ ಹಿಡಿದ. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಮೈಯೆಲ್ಲ ಉರಿಯುವಂಥ ಸಿಟ್ಟು.

"ಕ್ಲೈಡ್‌ಗೆ ಗೊತ್ತಾ?"

"ಹೂಂ."

"ಅದಕ್ಕೇ ಹಿಂದಿನ ಕೋಣೆ. ಆ ಡ್ಯೂಯಿಗೂ ಗೊತ್ತು. ಜಿಂಕೆಗಳಿಗೆ ಗೊತ್ತು. ಈ ನಾಯಿಗೂ ಗೊತ್ತು!" ಕೂಗಿದ. ಕೂಗಿದ್ದಕ್ಕೆ ಉಸಿರು ಸಾಲದೆ ಮರಕ್ಕೆ ತಲೆ ಆನಿಸಿದ. "ಇಡೀ ಕಾಡಿಗೆ ಕೇಳಿಸ್ತಿತ್ತು. ನನಗೊಬ್ಬನಿಗೆ ಇಲ್ಲ. ನನ್ನ ಕೈಲಿ ಗುಂಡಿ ಹೊಲಿಸ್ತಾ ಕೂತಿದ್ಯಲ್ಲೇ, ಬೆಪ್ಪನ ಹಾಗೆ, ಇಡೀ ಬೇಸಿಗೆ!"

"ಹೊಲೀತಾ ಇದ್ದಾಗ ನೀನು ಚೆನ್ನಾಗಿದ್ದೆ!" ಅವಳೂ ಕೂಗಿದಳು. ಎದ್ದು ನಿಂತಿದ್ದಳು. "ಬೆಳಿಗ್ಗೆ ಏಳ್ತಿದ್ದೆ, ಕಾಫಿ ಕೇಳ್ತಿದ್ದೆ, ನನ್ನ ಉಣ್ಣೆ ಅಂಗಿ ಕದ್ದು ಕತ್ತರಿಸ್ತಿದ್ದೆ. ಅಷ್ಟು ಸಾಕಾಗಿತ್ತು ನಂಗೆ. ಇವತ್ತೂ ಹೇಳ್ತಿರ್ಲಿಲ್ಲ. ಇದನ್ನ ಬಿಚ್ಚಿ ಎಸೆದ್ಯಲ್ಲ!" ಜೇಬಿನಿಂದ ಕೊಕ್ಕೆ ತೆಗೆದು ಅವನ ಮುಖದ ಕಡೆ ಹಿಡಿದಳು. "ಇದೂ ಇಲ್ದೆ ನಾಳೆ ಆ ಬರ್ಚ್ ಹತ್ತಿದ್ರೆ ಬಿದ್ದು ಸಾಯ್ತೀಯ. ಯಾತಕ್ಕೆ? ಇಲ್ಲದ ಸದ್ದಿಗೆ!"

ಇಲ್ಲದ ಸದ್ದಲ್ಲ, ಎಂದುಕೊಂಡ. ಸಿಟ್ಟು ಎಷ್ಟು ಬೇಗ ಬಂದಿತ್ತೋ ಅಷ್ಟೇ ಬೇಗ ಇಳಿದುಹೋಗಿತ್ತು. ಅದರ ಹಿಂದೆ ಏನೂ ಉಳಿದಿರಲಿಲ್ಲ. ಪಟ್ಟಿಯಾಗಿದ್ದರೆ ಹೊಲಿಯಬಹುದಿತ್ತು. ಹಲಗೆಯಾಗಿದ್ದರೆ ಟೇಪು ಸುತ್ತಬಹುದಿತ್ತು. ಇದಕ್ಕೆ ಯಾವ ಉಣ್ಣೆ ಸುತ್ತುವುದು? ನಾಡಿದ್ದು ಸಂಜೆ ಪಾಸ್ಟಿಯ ಮುಂದೆ ಕೂತು, ಮಾವ ನಕ್ಕ ಹಾಗೆ ನಕ್ಕು, ಮರವನ್ನು ಡ್ಯೂಯಿಗೆ ಬಿಟ್ಟುಕೊಡಬೇಕು. ಎಲ್ಲರೂ ಅವನ ಕಡೆ ನೋಡದೆ ತಟ್ಟೆ ನೋಡುತ್ತಾ, ಅವನ ಎದೆಯ ಶಿಳ್ಳೆ ಕೇಳುತ್ತಾ ಕೂತಿರುತ್ತಾರೆ. ಅದೂ ಅವನಿಗೆ ಕೇಳಿಸುವುದಿಲ್ಲ.

"ಇಳಿದು ಬಾ ರೇನೊ. ಬ್ರೆಡ್ ಬಿಸಿಯಿದೆ."

"ಆಗ್ತಿಲ್ಲ," ಎಂದ. ನಿಜವಾಗಿಯೂ ಆಗುತ್ತಿರಲಿಲ್ಲ. ಜೀನು ಮಾತ್ರ ಅವನನ್ನು ಹೊತ್ತುಕೊಂಡಿತ್ತು. ಸೊಂಟಕ್ಕೆ ಒತ್ತಿಲ್ಲ, ತೊಡೆಗೆ ಜೋಮಿಲ್ಲ, ಬೆನ್ನಿಗೆ ನೋವಿಲ್ಲ. ಇಂಥ ಜೀನನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಹೆಲ್ಮಿ ಹತ್ತಿರ ಬಂದು ಅವನ ಬೂಟನ್ನು ಎರಡೂ ಕೈಯಿಂದ ಹಿಡಿದು, ಹಲಗೆಯ ಅಂಚಿಗೆ ತಲೆ ಇಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹಿಂದೆ ಸರಿದು ಮತ್ತೆ ಬಕೆಟ್ ಮೇಲೆ ಕೂತಳು. ಅವನು ಇಳಿಯುವ ತನಕ ಅವಳೂ ಒಳಗೆ ಹೋಗುವಂತಿರಲಿಲ್ಲ.

ಮೋಡದ ಕೆಳಗೆ ಎಲ್ಲ ನಿಂತಲ್ಲೇ ನಿಂತಿತ್ತು. ರೇನೊ ಕಿವಿ ಇಟ್ಟು ಕೇಳಿದ. ಬದುಕಿನಲ್ಲಿ ಎಂದೂ ಯಾವುದನ್ನೂ ಅಷ್ಟು ಆಸೆಯಿಂದ ಕೇಳಿರಲಿಲ್ಲ. ಏನೂ ಇಲ್ಲ. ಎಳೆದುಕೊಂಡರೂ ಇಲ್ಲ, ಬಿಟ್ಟರೂ ಇಲ್ಲ.

"ಈಗ್ಲೂ ಕೇಳ್ತಿದೆಯಾ?" ಎಂದ.

ಹೆಲ್ಮಿ ಕಣ್ಣು ಮುಚ್ಚಿ ಕೈ ಎತ್ತಿದಳು. ಅವನು ಉಸಿರಾಡುತ್ತ ಆ ಕೈಯನ್ನೇ ನೋಡುತ್ತಿದ್ದ. ತೋಳು ಸೋತಿರಬೇಕು, ಇನ್ನೊಂದು ಕೈಯನ್ನು ಮೊಣಕೈಗೆ ಆಸರೆಯಾಗಿ ಕೊಟ್ಟುಕೊಂಡಳು. ಇಳಿಸಲಿಲ್ಲ.